ಮೂರು ಚೈನ್ ಸೆಟ್, ಒಂದು ಬೈಕ್, ಕೇಣಿಯ ಮರಳು

ಎರಡು ಮಳೆಗಾಲದ ಹಿಂದೆ ನಾನು ಮನೆ, ಅಂಗಡಿ ಸುತ್ತಿ ಸಂಗ್ರಹಿಸಿ ಸಂಘಕ್ಕೆ ಕಟ್ಟಿದ ಪಿಗ್ಮಿ (ದಿನದ ಉಳಿತಾಯ) ನೋಟುಗಳಲ್ಲಿ ಬಹುಪಾಲಿನ ಮೇಲೆ ಕಪ್ಪು ಹೆಬ್ಬೆರಳಿನ ಗುರುತಿತ್ತು. “ಇದೇನು, ಪಿಗ್ಮಿಯೋ ಪೊಲೀಸ್ ಠಾಣೆಯೋ?” ಎಂದು ಕೌಂಟರಿನಲ್ಲಿ ಕೂರುವ ಅಕ್ಕ ಕೇಳಿದ್ದರು. ಗುರುತು ಬೈಕಿನ ಚೈನಿನದು. ಆ ಜೂನ್‌ನಲ್ಲಿ ಹಾಕಿಸಿದ ಅಗ್ಗದ ಚೈನ್ ಸೆಟ್ (ಚೈನ್ ಮತ್ತು ಅದು ಓಡುವ ಎರಡು ಹಲ್ಲುಚಕ್ರ) ವಾರಕ್ಕೊಮ್ಮೆ ಸಡಿಲವಾಗುತ್ತಿತ್ತು. ದಾರಿಯಲ್ಲಿ ಎಲ್ಲೆಂದರಲ್ಲಿ ಬೈಕ್ ನಿಲ್ಲಿಸಿ, ಚೈನ್ ಕವರಿನ ರಬ್ಬರ್ ಮುಚ್ಚಳ ಕಿತ್ತು, ಒಳಗೆ ಬೆರಳು ತೂರಿಸಿ ಎಷ್ಟು ಜೋಲು ಬಿದ್ದಿದೆ ಎಂದು ನೋಡುವುದೇ ನನಗೆ ಇನ್ನೊಂದು ಉದ್ಯೋಗವಾಗಿತ್ತು. ಅದೇ ಬೆರಳಿನಲ್ಲಿ ಮುಂದಿನ ಮನೆಯ ಹಣ ಎಣಿಸಬೇಕು.

ಅಲ್ಲಿಂದೀಚೆಗೆ ಅದೇ ಬೈಕಿಗೆ ಮೂರು ಬಗೆಯ ಸೆಟ್ ಹಾಕಿಸಿ ನೋಡಿದ್ದೇನೆ. 580 ರೂಪಾಯಿಯ ಹೆಸರಿಲ್ಲದ್ದು ಒಂದು, 2,350 ರೂಪಾಯಿಯ ಓ-ರಿಂಗ್ ಚೈನಿನದು ಒಂದು, 1,240 ರೂಪಾಯಿಯ ಕಂಪನಿಯ ಸಾದಾ ಸೆಟ್ ಒಂದು. ಕೊನೆಯದನ್ನೇ ಮೊದಲು ಹಾಕಿಸಿದ್ದರೆ 2,930 ರೂಪಾಯಿ ಉಳಿಯುತ್ತಿತ್ತು, ಈ ಬರಹದ ಪ್ರಮೇಯವೂ ಬರುತ್ತಿರಲಿಲ್ಲ.

ನನ್ನದು ಪೂರ್ತಿ ಚೈನ್ ಕವರ್ ಇರುವ 100 ಸಿಸಿ ಬೈಕ್. ಅಂಕೋಲಾ ಪೇಟೆ, ಕೇಣಿ, ಬೇಲೆಕೇರಿ, ಅವರ್ಸಾ ಎಂದು ದಿನಕ್ಕೆ ಸುಮಾರು 40 ಕಿಲೋಮೀಟರ್ ಓಡಾಟ. ದೂರ ಹೆಚ್ಚಲ್ಲ, ಆದರೆ ಅಂಗಡಿಗೊಮ್ಮೆ ಮನೆಗೊಮ್ಮೆ ನಿಲ್ಲಿಸಿ ಹೊರಡಿಸುವುದರಿಂದ ಚೈನಿಗೆ ದಿನವಿಡೀ ಜಗ್ಗಾಟ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಮ್ಮದು. ಉಪ್ಪಿಗೆ ಈಗಲೂ ಕೊರತೆಯಿಲ್ಲ, ಗಾಳಿಯಲ್ಲೇ ಬಂದು ಚೈನಿನ ಮೇಲೆ ಕೂರುತ್ತದೆ.

ಬೈಕಿನ ಹಳೆಯ ಚೈನ್ ಹೋಗಿದೆ ಎಂದು ಗೊತ್ತಾದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ನಾನು ತಿಂಗಳುಗಟ್ಟಲೆ ಕ್ಲಚ್ಚನ್ನು ಬೈಯುತ್ತಿದ್ದೆ. ನಿಂತಲ್ಲಿಂದ ಹೊರಡುವಾಗ ‘ಕಟಕ್’ ಎಂಬ ಸದ್ದು, ಎರಡನೇ ಗೇರಿನಲ್ಲಿ ನಿಧಾನ ಹೋಗುವಾಗ ಎತ್ತಿನ ಗಾಡಿಯಂತೆ ಹಿಂದೆ ಮುಂದೆ ಎಳೆತ. ಮೆಕ್ಯಾನಿಕ್ ಕ್ಲಚ್ಚನ್ನು ಮುಟ್ಟಲೇ ಇಲ್ಲ. ಕವರ್ ಬಿಚ್ಚಿದ, ಹಿಂದಿನ ಹಲ್ಲುಚಕ್ರದ ತೀರಾ ಹಿಂಬದಿಯಲ್ಲಿ, ಅಂದರೆ ಚೈನ್ ಚೆನ್ನಾಗಿ ಅಪ್ಪಿ ಕೂತಿರಬೇಕಾದ ಜಾಗದಲ್ಲಿ, ಎರಡು ಬೆರಳಿನಿಂದ ಹಿಡಿದು ಹೊರಗೆ ಜಗ್ಗಿದ. ಅರ್ಧ ಹಲ್ಲು ಕಾಣುವಷ್ಟು ಚೈನ್ ಎದ್ದು ಬಂತು. ಹೊಸ ಚೈನ್ ಅಲ್ಲಿ ಮಿಸುಕುವುದೇ ಇಲ್ಲ. ಹಲ್ಲುಗಳೋ ಈಳಿಗೆಮಣೆಯ ಬಾಯಿಯಂತೆ ಒಂದೇ ಕಡೆಗೆ ಬಾಗಿದ್ದವು.

“ಪಿಗ್ಮಿಯವರೇ, ಕಬ್ಬಿಣ ಹಿಗ್ಗಿ ಚೈನ್ ಉದ್ದವಾಗುವುದಲ್ಲ. ಒಳಗಿನ ಪಿನ್ನು ಸವೆಯುತ್ತದೆ,” ಎಂದ. ಲೆಕ್ಕ ಹಾಕಿದೆ: 110 ಕೊಂಡಿಗಳಲ್ಲಿ ಒಂದೊಂದರ ಪಿನ್ನು, ಬುಷ್ ಸೇರಿ 0.1 ಮಿಲಿಮೀಟರ್ ಸವೆದರೆ ಒಟ್ಟು 11 ಮಿಲಿಮೀಟರ್. ಪಿಗ್ಮಿಯ ಲೆಕ್ಕವೂ ಹೀಗೆಯೇ ಬೆಳೆಯುವುದರಿಂದ ನನಗೆ ಬೇಗ ಅರ್ಥವಾಯಿತು. ಅಂದಿನಿಂದ ಮಗಳ 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲ್ ನನ್ನ ಸಲಕರಣೆ. ನನ್ನ ಬೈಕಿನದು 428 ಅಳತೆಯ ಚೈನ್, ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿಲಿಮೀಟರ್. ಚೈನನ್ನು ಬಿಗಿಯಾಗಿ ಎಳೆದು 20 ಕೊಂಡಿ ಅಳೆದರೆ ಹೊಸದು 254 ಮಿಲಿಮೀಟರ್ ಬರುತ್ತದೆ. ಸಾದಾ ಚೈನ್ ಶೇ 2ರಷ್ಟು ಬೆಳೆದರೆ, ಅಂದರೆ 259 ದಾಟಿದರೆ, ಅದರ ಆಯಸ್ಸು ಮುಗಿದಂತೆ.

580 ರೂಪಾಯಿಯ ಸೆಟ್ ನಾಲ್ಕೇ ತಿಂಗಳಿಗೆ 260 ತೋರಿಸಿತು. ಇನ್ನೊಂದು ಕಾಟವೆಂದರೆ, ಚಕ್ರ ತಿರುಗಿಸುತ್ತ ನೋಡಿದರೆ ಒಂದು ಕಡೆ ಚೈನ್ ಮೂರು ಬೆರಳು ಜೋಲುತ್ತಿತ್ತು, ಇನ್ನೊಂದು ಕಡೆ ತಂತಿಯಂತೆ ಬಿಗಿ. ಜೋಲಿದ ಕಡೆ ನೋಡಿ ಬಿಗಿ ಮಾಡಿದರೆ ಬಿಗಿಯಿದ್ದ ಕಡೆ ಗೇರ್ ಬಾಕ್ಸಿನ ಬೇರಿಂಗಿಗೇ ಏಟು. ಆದ್ದರಿಂದ ಯಾವ ಚೈನನ್ನೇ ಆಗಲಿ ಅತಿ ಬಿಗಿಯಾದ ಜಾಗದಲ್ಲಿ ಅಳೆದು ಹೊಂದಿಸಬೇಕು. ಕೊನೆಗೆ ಚಕ್ರವನ್ನು ಹಿಂದೆ ಸರಿಸಿ ಚೈನ್ ಬಿಗಿ ಮಾಡುವ ಅಡ್ಜಸ್ಟರಿನ ಗುರುತುಗಳೇ ಮುಗಿದವು. ಆಗ ಬೇರೊಂದು ಗ್ಯಾರೇಜಿನವರು ಒಂದು ಜೋಡಿ ಕೊಂಡಿ ಕಡಿದು ಕೂರಿಸುತ್ತೇವೆ ಎಂದರು. ಕಡಿದರೆ ಗಿಡ್ಡವಾಗುತ್ತದೆ ನಿಜ, ಉಳಿದ ಕೊಂಡಿಗಳ ಸವೆತ ಎಲ್ಲಿಗೆ ಹೋಗುತ್ತದೆ? ಆ ಸೆಟ್ಟಿನ ಬಗ್ಗೆ ಇಷ್ಟು ಸಾಕು.

ಓ-ರಿಂಗ್ ಹಾಕಿಸುವಂತೆ ಪಟ್ಟು ಹಿಡಿದವರು ಹುಬ್ಬಳ್ಳಿಯ ಭಾವ. ಅವರು ಹೇಳಿದ ಗುಣಗಳಲ್ಲಿ ಒಂದೂ ಸುಳ್ಳಲ್ಲ. ಕೊಂಡಿಯ ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಅವು ಪಿನ್ನಿನ ಸುತ್ತ ಹಿಡಿದಿಡುತ್ತವೆ. ನೀರು, ಮರಳು ಒಳಗೆ ಸುಳಿಯುವುದಿಲ್ಲ. ಬಿಚ್ಚುವ ದಿನ ಅಳೆದಾಗ ಸ್ಕೇಲ್ 254ರಿಂದ ಕದಲಿರಲಿಲ್ಲ ಎನ್ನಬೇಕು.

ಮತ್ತೇಕೆ ಬಿಚ್ಚಿಸಿದೆ? ಆ ಉಂಗುರಗಳ ದೆಸೆಯಿಂದ. ಉಂಗುರಕ್ಕೆ ಜಾಗ ಬೇಕಲ್ಲ, ಹಾಗಾಗಿ ಅದೇ 428 ಅಳತೆಯ ಸಾದಾ ಚೈನಿಗಿಂತ ಇದು ಎರಡು ಮೂರು ಮಿಲಿಮೀಟರ್ ಅಗಲ. ಡಬ್ಬಿಯ ಮೇಲೆ ಬೈಕಿನ ಹೆಸರಿತ್ತು, ಹಲ್ಲುಗಳಿಗೆ ಕೂತಿತು, ಚಕ್ರ ತಿರುಗಿತು. ಗ್ಯಾರೇಜಿನಿಂದ ಹೊರಬಿದ್ದು ಹೆದ್ದಾರಿಗೆ ಏರುವಷ್ಟರಲ್ಲಿ ‘ಟರ್‌ರ್‌ರ್’ ಎಂದು ಶುರುವಾಯಿತು, ಯಾರೋ ತಗಡಿನ ಡಬ್ಬಿಯನ್ನು ಗರಗಸದಿಂದ ಉಜ್ಜಿದ ಹಾಗೆ. ಚೈನಿನ ಹೊರಮೈ ಕವರಿನ ಒಳಮೈಗೆ ತಾಗುತ್ತಿತ್ತು. ಮೆಕ್ಯಾನಿಕ್ ಕವರನ್ನು ಸುತ್ತಿಗೆಯಿಂದ ಬಡಿದು ಉಬ್ಬಿಸಿದ. ಎರಡು ದಿನ ಸುಮ್ಮನಿತ್ತು. ಹಿಂದೆ ಹೆಂಡತಿ ಕೂತು ಬೇಲೆಕೇರಿಗೆ ಹೋದ ದಿನ ಮತ್ತೆ ‘ಟರ್‌ರ್’. ಭಾರ ಬಿದ್ದಾಗ ಹಿಂದಿನ ಫೋರ್ಕ್ ಏರಿ ಚೈನಿನ ದಾರಿ ತುಸು ಬದಲಾಗುತ್ತದೆ, ಉಬ್ಬಿಸಿದ ಜಾಗದ ಪಕ್ಕದಲ್ಲಿ ತಾಗುತ್ತದೆ. ಮತ್ತೆ ಸುತ್ತಿಗೆ. ಕವರ್ ಹಲಸಿನ ಹಣ್ಣಿನಂತಾಯಿತು.

ಮೂರನೆಯ ಸಲ ಕವರನ್ನೇ ತೆಗೆದು ಮೇಲುಗಡೆ ಮಾತ್ರ ಮುಚ್ಚುವ ಅರ್ಧ ಕವರ್ ಹಾಕಿದ. ಸದ್ದು ನಿಂತಿತು, ಬೇರೆ ರಗಳೆ ಹುಟ್ಟಿಕೊಂಡಿತು. ಚೈನಿನಿಂದ ಚಿಮ್ಮಿದ ಎಣ್ಣೆ ಪ್ಯಾಂಟಿನ ಎಡಗಾಲಿಗೆ. ಕೇಣಿಯಲ್ಲಿ ದೋಣಿಗಳ ಬಳಿ ಹೋದರೆ ಚಕ್ರ ಎತ್ತಿದ ಮರಳೆಲ್ಲ ನೇರ ಚೈನಿಗೆ. ಉಂಗುರಗಳು ಪಿನ್ನನ್ನು ಕಾಯುತ್ತವೆ ನಿಜ, ಹೊರಗಿನ ರೋಲರ್ ಮತ್ತು ಹಲ್ಲುಚಕ್ರವನ್ನು ಕಾಯುವವರು ಯಾರು? ಹೆಂಡತಿ ಸೀರೆಯ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡು ಕೈಯಿಂದ ನೆರಿಗೆ ಹಿಡಿದು ಕೂರುವಂತಾಯಿತು. “ಚೈನಿಗೆ ರಬ್ಬರ್ ಉಂಗುರ ತೊಡಿಸಿ ನನ್ನ ಜೀವಕ್ಕೆ ಸಂಚಕಾರ ತಂದಿರಿ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಚೈನಿನ ಎರಡು ತುದಿ ಸೇರಿಸುವ ಲಾಕಿನದು ಬೇರೆಯೇ ಕತೆ. ಸೆಟ್ಟಿನಲ್ಲಿ ಬಂದದ್ದು ರಿವೆಟ್ ಬಡಿಯುವ ಬಗೆಯ ಲಾಕ್, ಅದಕ್ಕೆ ಬೇಕಾದ ಸಲಕರಣೆ ನಮ್ಮ ಗ್ಯಾರೇಜಿನಲ್ಲಿ ಇರಲಿಲ್ಲ. ಸಾದಾ ಚೈನಿನ ಲಾಕ್ ಹಾಕೋಣವೆಂದರೆ ಅದರ ಪಿನ್ನು ಗಿಡ್ಡ. ಓ-ರಿಂಗಿನದೇ ಕ್ಲಿಪ್ ಲಾಕ್ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬಸ್ಸಿನಲ್ಲಿ ಬರುವವರೆಗೆ ನಾಲ್ಕು ದಿನ ಬಾಡಿಗೆ ಸೈಕಲ್ ತುಳಿದೆ. ಸಾದಾ ಲಾಕ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಯಾವ ಚೈನಿನದೇ ಆಗಲಿ, ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದಕ್ಕೆ.

ಎಂಟು ತಿಂಗಳಿಗೆ ಸೋತು ಕಂಪನಿಯ ಸಾದಾ ಸೆಟ್ ಹಾಕಿಸಿದೆ, ಜೊತೆಗೆ ಹೊಸ ಪೂರ್ತಿ ಕವರ್. 13,000 ಕಿಲೋಮೀಟರ್ ದಾಟಿದೆ. ಮೊನ್ನೆ ಅಳೆದರೆ 257. ಇನ್ನೊಂದು ಮಳೆಗಾಲ ಎಳೆಯಲಾರದು, ಅದೂ ಗೊತ್ತು. ಓ-ರಿಂಗ್ ಆಗಿದ್ದರೆ ಇದರ ಎರಡು ಪಟ್ಟು ಬಾಳಬಹುದು ಎಂದು ಭಾವ ಈಗಲೂ ವಾದಿಸುತ್ತಾರೆ. ಅವರದು ದೊಡ್ಡ ಬೈಕ್, ಕಂಪನಿಯಿಂದಲೇ ಓ-ರಿಂಗ್ ಚೈನಿನೊಂದಿಗೆ ಬಂದದ್ದು, ಕವರಿನ ತಾಪತ್ರಯವಿಲ್ಲ. ಅಂಥ ಬೈಕ್ ಇರುವವರು ಅವರ ಮಾತನ್ನೇ ಕೇಳಬೇಕು.

ಯಾವ ಸೆಟ್ ಹಾಕಿಸಿದರೂ ಚೈನ್ ಮತ್ತು ಎರಡು ಹಲ್ಲುಚಕ್ರಗಳನ್ನು ಒಟ್ಟಿಗೇ ಬದಲಿಸಬೇಕು. ಹಿಂದಿನದು ಚೆನ್ನಾಗಿದೆ ಎಂದು ಉಳಿಸಿಕೊಳ್ಳುವ ಆಸೆ ನನಗೂ ಬಂದಿತ್ತು. ನನ್ನ ಬೈಕಿನಲ್ಲಿ ಮುಂದಿನದಕ್ಕೆ 14 ಹಲ್ಲು, ಹಿಂದಿನದಕ್ಕೆ 42. ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ಸವೆದಿರುತ್ತದೆ, ಅದು ಎಂಜಿನ್ ಕವರಿನ ಹಿಂದೆ ಅಡಗಿರುವುದರಿಂದ ಯಾರೂ ನೋಡುವುದಿಲ್ಲ.

ಎಣ್ಣೆಯಲ್ಲೂ ಮೂರು ಬಗೆ ಬಳಸಿ ನೋಡಿದ್ದೇನೆ. ಗ್ಯಾರೇಜಿನವರು ಪುಕ್ಕಟೆ ಸುರಿಯುವ ಹಳೆಯ ಎಂಜಿನ್ ಆಯಿಲ್ ಬೇಡವೇ ಬೇಡ, ಅದರಲ್ಲಿ ಲೋಹದ ಪುಡಿಯಿರುತ್ತದೆ. ಸ್ಪ್ರೇ ಅಂಟಂಟು, ಮೇಲೆ ಬಿದ್ದ ಮರಳನ್ನು ಬಿಡುವುದಿಲ್ಲ, ಸಣ್ಣ ಡಬ್ಬಿ ಬೇಗ ಮುಗಿಯುತ್ತದೆ. ನನಗೆ ಒಗ್ಗಿದ್ದು 90 ದರ್ಜೆಯ ಗೇರ್ ಆಯಿಲ್. ಒಂದು ಲೀಟರ್ ತಂದರೆ ವರ್ಷ ದಾಟುತ್ತದೆ. ಅಮ್ಮನ ಹೊಲಿಗೆ ಯಂತ್ರದ ಉದ್ದ ಮೂತಿಯ ಎಣ್ಣೆ ಡಬ್ಬಿ ಕವರಿನ ಆ ರಬ್ಬರ್ ಮುಚ್ಚಳದ ತೂತಿಗೆ ಹೇಳಿ ಮಾಡಿಸಿದಂತೆ ಹೊಂದುತ್ತದೆ. ಸಂಜೆ ಮನೆಗೆ ಬಂದ ಕೂಡಲೇ, ಚೈನ್ ಬೆಚ್ಚಗಿರುವಾಗ, ಕೈಯಿಂದ ಚಕ್ರ ತಿರುಗಿಸುತ್ತ ಹನಿ ಹನಿ ಬಿಡುತ್ತೇನೆ. ಕೆಳಗಿನ ಚೈನಿನ ಒಳಮೈಗೆ ಬಿಟ್ಟರೆ ಓಡುವಾಗ ತಾನಾಗಿ ಹೊರಕ್ಕೆ ಹರಡುತ್ತದೆ. ಎಂಜಿನ್ ಚಾಲೂ ಇಟ್ಟು ಈ ಕೆಲಸ ಮಾಡಿದರೆ ಬೆರಳು ಹೋಗುತ್ತದೆ. ರಾತ್ರಿ ಕೆಳಗೊಂದು ಹಳೆಯ ಪತ್ರಿಕೆ ಹಾಸಿದರೆ ಹೆಚ್ಚಿನ ಎಣ್ಣೆ ಅದರ ಮೇಲೆ ತೊಟ್ಟಿಕ್ಕುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಪ್ರತಿ ಶನಿವಾರ. ವಾರಕ್ಕೆ ಹತ್ತು ನಿಮಿಷ ಕೊಡಲು ಬೇಸರವಿದ್ದವರಿಗೆ ನನ್ನ ಸಾದಾ ಸೆಟ್ ಸರಿಹೋಗದು.

ಬಿಚ್ಚಿದ ಓ-ರಿಂಗ್ ಚೈನನ್ನು ಅಕ್ಕನ ಮಗನ ಬೈಕಿಗೆ ಕೊಡೋಣವೆಂದು ಡೀಸೆಲ್ಲಿನಲ್ಲಿ ತೊಳೆದಿಟ್ಟೆ. ಪೆಟ್ರೋಲ್, ತಂತಿಯ ಬ್ರಷ್ ಎರಡೂ ಆ ಉಂಗುರಗಳಿಗೆ ಆಗುವುದಿಲ್ಲ. ಹಾಕಲು ಹೋದರೆ, ನನ್ನ ಬೈಕಿಗೆ ಕಡಿಸಿದ್ದರಿಂದ ಅವನ ಬೈಕಿಗೆ ಗಿಡ್ಡವಾಯಿತು. ಈಗ ಅದು ಪ್ಲಾಸ್ಟಿಕ್ ಚೀಲದಲ್ಲಿ, ತನ್ನ ಜೊತೆ ಓಡಿದ ಎರಡು ಹಲ್ಲುಚಕ್ರಗಳೊಂದಿಗೆ ಅಟ್ಟದ ಮೇಲಿದೆ. 110 ಕೊಂಡಿ ಸಾಕಾಗುವ, ಪೂರ್ತಿ ಕವರ್ ಇಲ್ಲದ ಬೈಕ್ ಯಾರಲ್ಲಾದರೂ ಇದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಲಾಕನ್ನು ಮಾತ್ರ ನೀವೇ ತರಿಸಿಕೊಳ್ಳಬೇಕು.