ಮಗುವಿನ ಮಾನಸಿಕ ಪರೀಕ್ಷೆ: ಮೈಸೂರು, ಮಂಡ್ಯದಲ್ಲಿ ಯಾರ ಹತ್ತಿರ ಹೋಗಬೇಕು?

ಮಗುವಿನ ಐಕ್ಯೂ, ಕಲಿಕಾ ನ್ಯೂನತೆ ಅಥವಾ ಆಟಿಸಂ ಪರೀಕ್ಷೆ ಮಾಡಿಸಲು ಮೈಸೂರು, ಮಂಡ್ಯ ಕಡೆಯವರು ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಓಡಬೇಕಾದ ಸಂದರ್ಭ ಕಡಿಮೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರು ಸ್ಪೀಚ್ ಅಂಡ್ ಹಿಯರಿಂಗ್ ಅಂತಲೋ ಆಯಿಷ್ ಅಂತಲೋ ಕರೆಯುವ ಜಾಗ, ಮಕ್ಕಳ ವಿಷಯದಲ್ಲಿ ನಮ್ಮ ಮೊದಲ ಆಯ್ಕೆ. 1965ರಲ್ಲಿ ಶುರುವಾದ ಈ ಕೇಂದ್ರ ಸರ್ಕಾರಿ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗ, ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆ ಎಲ್ಲ ಒಂದೇ ಆವರಣದಲ್ಲಿವೆ. ಹೀಗೆ ಎಲ್ಲ ಒಂದೆಡೆ ಇರುವುದು ದೊಡ್ಡ ಅನುಕೂಲ. ಹೇಳಿದ್ದು ತಲೆಗೆ ಹೋಗಲ್ಲ ಅಂತ ಬೈಸಿಕೊಳ್ಳುವ ಮಗುವಿಗೆ ಎಷ್ಟೋ ಸಲ ಕಿವಿಯೇ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಕಣ್ಣು, ಕಿವಿ ನೋಡದೆ ತೆಗೆದ ಐಕ್ಯೂ ಅಂಕಿಯನ್ನು ನಂಬಬೇಡಿ.

ಮಗುವಿನ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೇ ಎಂದು ನೋಡಲು ದೇಶದ ಅನೇಕ ಕಡೆ ಬಳಸುವ ಡೆವಲಪ್‌ಮೆಂಟಲ್ ಸ್ಕ್ರೀನಿಂಗ್ ಟೆಸ್ಟನ್ನು ರೂಪಿಸಿದ ಜೆ. ಭರತ್ ರಾಜ್ ಈ ಸಂಸ್ಥೆಯಲ್ಲೇ ಕೆಲಸ ಮಾಡಿದವರು. ಹತ್ತು ಮರದ ತುಂಡುಗಳನ್ನು ಅವುಗಳ ಗುಳಿಯಲ್ಲಿ ಕೂರಿಸುವ ಸೆಗ್ವಿನ್ ಫಾರ್ಮ್ ಬೋರ್ಡ್‌ಗೆ ನಮ್ಮ ಮಕ್ಕಳ ಮಾನದಂಡ ತಯಾರಾಗಿದ್ದೂ ಇಲ್ಲೇ. ಕೊರತೆಯೂ ಇದೆ: ದೂರದೂರದ ಜಿಲ್ಲೆಗಳಿಂದ ಮಕ್ಕಳು ಬರುವುದರಿಂದ ಕಾಯಬೇಕು, ಎಲ್ಲವೂ ಒಂದೇ ದಿನ ಮುಗಿಯುವುದಿಲ್ಲ. ವಾರದ ದಿನ, ಬೆಳಿಗ್ಗೆಯೇ ಹೋಗಿ ನೋಂದಣಿ ಮಾಡಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಒಯ್ಯಿರಿ, ಶುಲ್ಕದಲ್ಲಿ ರಿಯಾಯಿತಿ ಕೇಳುವಾಗ ಬೇಕಾಗುತ್ತದೆ.

ದೊಡ್ಡವರಿಗಾದರೆ ದಾರಿ ಬೇರೆ. ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಮಂಡ್ಯದ ಮಿಮ್ಸ್, ಇವುಗಳ ಮನೋವೈದ್ಯಕೀಯ ವಿಭಾಗದಲ್ಲಿ ಮೊದಲು ಡಾಕ್ಟರನ್ನು ಕಂಡು, ಅವರು ಬರೆದರೆ ಮಾತ್ರ ಪರೀಕ್ಷೆಗೆ ಹೋಗುವುದು ಒಳ್ಳೆಯದು. ಜೀವ ತೆಗೆದುಕೊಳ್ಳುವ ಮಾತು ಬಂದಿದ್ದರಂತೂ ಯಾವ ಪರೀಕ್ಷೆಗೂ ಕಾಯಬಾರದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಖಾಸಗಿ ಕೇಂದ್ರಕ್ಕೆ ಹೋಗುವವರು ಬೋರ್ಡು ನೋಡಿ ಒಳಗೆ ಹೋಗಬೇಡಿ. ಪರೀಕ್ಷೆ ಮಾಡುವವರ ಸಿಆರ್‌ಆರ್ ಸಂಖ್ಯೆ ಕೇಳಿ. ಅದು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ, ಪರಿಷತ್ತಿನ ಜಾಲತಾಣದಲ್ಲಿ ಹಾಕಿ ನೋಡಬಹುದು. ಸಂಖ್ಯೆ ಇದ್ದರಷ್ಟೇ ಸಾಲದು, ಯಾವ ವೃತ್ತಿಯ ಅಡಿಯಲ್ಲಿ ನೋಂದಣಿ ಆಗಿದೆ ಎಂಬುದನ್ನೂ ಓದಿ. ವಿಶೇಷ ಶಿಕ್ಷಕರಿಗೂ, ವಾಕ್ ಚಿಕಿತ್ಸಕರಿಗೂ ಅದೇ ಪರಿಷತ್ತು ಸಂಖ್ಯೆ ಕೊಡುತ್ತದೆ. ನಿಮಗೆ ಬೇಕಾದವರು ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಅಥವಾ ಸೈ.ಡಿ. ಮಾಡಿದವರು. ಬರೀ ಎಂ.ಎ. ಸೈಕಾಲಜಿ ಇಲ್ಲವೇ ಕೌನ್ಸೆಲಿಂಗ್ ಡಿಪ್ಲೊಮಾ ಇರುವವರು ಮಗುವಿಗೆ ಧೈರ್ಯ ತುಂಬಬಹುದು, ಶಾಲೆಗೆ ಸಹಾಯ ಮಾಡಬಹುದು. ಆದರೆ ಅವರು ಬರೆದ ಐಕ್ಯೂ ರಿಪೋರ್ಟ್ ಅಂಗವಿಕಲತೆಯ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲುವುದಿಲ್ಲ. ಇನ್ನು ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಮುಂದಿನ ಕೋರ್ಸು ಎಲ್ಲ ಹೇಳುವ ಡಿಎಂಐಟಿಗೆ ವೈಜ್ಞಾನಿಕ ಆಧಾರವೇ ಇಲ್ಲ. ಶಾಲೆಯೇ ಏರ್ಪಡಿಸಿದ್ದರೂ ದುಡ್ಡು ಕೊಡಬೇಡಿ.

ಸಿಆರ್‌ಆರ್ ಆದ ಮೇಲೆ ಕೇಳಬೇಕಾದ್ದು ಭಾಷೆ. ನಮ್ಮ ಸೀಮೆಯಲ್ಲಿ ಪರೀಕ್ಷೆ ಹೆಚ್ಚಾಗಿ ಎಡವುವುದು ಇಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಇರುವ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅಳೆದದ್ದು ಇಂಗ್ಲಿಷನ್ನೇ ಹೊರತು ಬುದ್ಧಿಯನ್ನಲ್ಲ. ಕನ್ನಡ ಬಂದರೂ ಸಾಲದು, ಈ ಕಡೆಯ ಕನ್ನಡ ಗೊತ್ತಿರಬೇಕು. ಮಂಡ್ಯದ ಹಳ್ಳಿಯ ಮಗು ಹಾಲನ್ನು ‘ಆಲು’ ಎಂದೋ, ಹಸುವನ್ನು ‘ಅಸು’ ಎಂದೋ, ಶಾಲೆಯನ್ನು ‘ಸಾಲೆ’ ಎಂದೋ ಬರೆದರೆ ಅದು ಕೇಳಿದಂತೆ ಬರೆದದ್ದು, ಮನೆಮಾತಿನ ಗುರುತು. ಮಹಾಪ್ರಾಣ ಬಿಟ್ಟು ‘ಬೂಮಿ’ ಎಂದು ಬರೆಯುವುದೂ ಹಾಗೆಯೇ. ಅಂಥ ತಪ್ಪಿಗೊಂದು ಕ್ರಮ ಇರುತ್ತದೆ, ಪಕ್ಕದಲ್ಲಿ ಕೂತ ಮಗುವೂ ಅದನ್ನೇ ಮಾಡುತ್ತದೆ. ಕಲಿಕಾ ನ್ಯೂನತೆಯ ಲಕ್ಷಣ ಬೇರೆ: ಅಮ್ಮ ಎಂಬಲ್ಲಿ ಒತ್ತು ಬಿಟ್ಟು ‘ಅಮ’, ಕಿ ಇರುವಲ್ಲಿ ಕೆ, ಒಂದೇ ಪದ ಒಂದೇ ಪುಟದಲ್ಲಿ ಎರಡು ಮೂರು ಥರ, ಅಕ್ಷರ ಬಿಡಿಬಿಡಿಯಾಗಿ ಗೊತ್ತು ಆದರೆ ಕೂಡಿಸಿ ಓದಲು ಬಾರದು. ಈ ವ್ಯತ್ಯಾಸ ಹಿಡಿಯಬಲ್ಲವರು ಸಿಕ್ಕಿದರೆ ಊರು ದೂರವಾದರೂ ಹೋಗಿ. ಎಂಟು ವರ್ಷ ತುಂಬದ ಮಗುವಿಗೆ ಕಲಿಕಾ ನ್ಯೂನತೆ ಖಚಿತ ಅಂತ ಯಾರಾದರೂ ಬರೆದುಕೊಟ್ಟರೆ ಅನುಮಾನ ಪಡಿ.

ಬುದ್ಧಿಮಟ್ಟಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಬಿನೆ–ಕಾಮತ್ ಪರೀಕ್ಷೆ. ಇದರ ಮೂಲ ಕೆಲಸವನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡದ ಕಡೆ ಕನ್ನಡ, ಮರಾಠಿ ಮಕ್ಕಳ ಮೇಲೆ ಮಾಡಿದರು. ಕನ್ನಡದ ಮಗುವಿಗೆ ಒಗ್ಗುತ್ತದೆ, ಆದರೆ ಮಾನದಂಡ ಹಳೆಯದು. ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದ ಪ್ರಶ್ನೆ ಬಿಡಿಸುತ್ತದೋ ಆ ವಯಸ್ಸನ್ನು, ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವುದು ಇದರ ಲೆಕ್ಕ. ಹಾಗಾಗಿ ಹುಟ್ಟಿದ ದಿನಾಂಕ ಸರಿಯಿರಲೇಬೇಕು. ಮಾನಸಿಕ ವಯಸ್ಸು 6 ಬಂದ ಮಗುವಿಗೆ ನಿಜವಯಸ್ಸು 8 ಆಗಿದ್ದರೆ ಐಕ್ಯೂ 75. ಅದೇ ಮಗುವಿಗೆ ಶಾಲೆಯ ದಾಖಲೆಯಲ್ಲಿ ವರ್ಷ ಕಡಿಮೆ ಬರೆಸಿದ್ದು 7 ಎಂದು ಲೆಕ್ಕ ಹಾಕಿದರೆ 86. ಮೊದಲನೆಯದು ಗಡಿರೇಖೆಯ ಅಂಕ, ಅಂದರೆ ಸಾಮಾನ್ಯ ಮಟ್ಟಕ್ಕೂ ಬುದ್ಧಿಮಾಂದ್ಯತೆಗೂ ನಡುವಿನದು, ಎರಡನೆಯದು ಅದನ್ನು ದಾಟಿದ್ದು. ರಿಪೋರ್ಟಿನ ತೀರ್ಮಾನವೇ ಬದಲಾಗಿಬಿಡುತ್ತದೆ. ದಾಖಲೆ ಏನೇ ಹೇಳಲಿ, ಪರೀಕ್ಷಕರಿಗೆ ನಿಜ ಹೇಳಿ. ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಹುಟ್ಟಿದ ತೂಕ, ಕೂಡಲೇ ಅತ್ತಿತೋ ಇಲ್ಲವೋ ಎಂಬುದೂ ಅದರಲ್ಲೇ ಸಿಗುತ್ತದೆ.

ಇವುಗಳ ಜೊತೆಗೆ ಎರಡು ವರ್ಷದ ನೋಟ್‌ಬುಕ್ಕು, ಮಾರ್ಕ್ಸ್ ಕಾರ್ಡು, ಟೀಚರ್ ಬರೆದ ಪತ್ರ ಮತ್ತು ಹಳೆಯ ರಿಪೋರ್ಟು ಇರಲಿ. ನೋಟ್‌ಬುಕ್ ಅಂದರೆ ಬೋರ್ಡು ನೋಡಿ ನಕಲು ಮಾಡಿದ್ದಲ್ಲ, ಉಕ್ತಲೇಖನದ್ದು. ಜ್ವರ, ನಿದ್ದೆಗೇಡು ಇದ್ದ ದಿನ ಬೇಡ. ಕನ್ನಡಕ ಮರೆಯಬೇಡಿ. ಪರೀಕ್ಷೆಯ ಪ್ರಶ್ನೆಗಳನ್ನು ಹುಡುಕಿ ಅಭ್ಯಾಸ ಮಾಡಿಸಿದರೆ ಅಂಕ ಉಬ್ಬುತ್ತದೆ, ಸಿಗಬೇಕಾದ ಸಹಾಯ ತಪ್ಪುತ್ತದೆ. ಕೆಲವೇ ತಿಂಗಳ ಹಿಂದೆ ಬೇರೆ ಕಡೆ ಅದೇ ಪರೀಕ್ಷೆ ಆಗಿದ್ದರೂ ಹೀಗೇ ಆಗುತ್ತದೆ, ಅದನ್ನು ಮುಚ್ಚಿಡಬೇಡಿ.

ವೈನ್‌ಲ್ಯಾಂಡ್ ಎಂಬ ಸಾಮಾಜಿಕ ಪ್ರೌಢಿಮೆಯ ಪರೀಕ್ಷೆಯಲ್ಲಿ ಪ್ರಶ್ನೆ ಅಪ್ಪ ಅಮ್ಮನಿಗೆ. ತಾನೇ ಕಲಸಿಕೊಂಡು ಉಣ್ಣುತ್ತದಾ, ಅಂಗಡಿಗೆ ಹೋಗಿ ಸಾಮಾನು ತರುತ್ತದಾ ಎನ್ನುವಂಥವು. ಅಜ್ಜಿ ದಿನಾ ತುತ್ತು ಮಾಡಿ ತಿನ್ನಿಸುವ ಮನೆಯಲ್ಲಿ ಮಗುವಿಗೆ ಬಾರದು ಅಂತಲ್ಲ, ಅವಕಾಶವೇ ಸಿಕ್ಕಿರುವುದಿಲ್ಲ. ಅದನ್ನು ಬಿಡಿಸಿ ಹೇಳಿ, ಇಲ್ಲದಿದ್ದರೆ ಅಂಕ ಸುಮ್ಮನೆ ಇಳಿಯುತ್ತದೆ. ಆಟಿಸಂ ಅನುಮಾನವಿದ್ದರೆ 40 ಅಂಶಗಳ ಭಾರತೀಯ ಮಾಪಕ ಐಎಸ್‌ಎಎ ಬಳಸುತ್ತಾರಾ ಕೇಳಿ. ಅದರಲ್ಲಿ 70ರಿಂದ ಮೇಲಿನ ಅಂಕ ಆಟಿಸಂ ಕಡೆ ಬೆರಳು ಮಾಡುತ್ತದೆ. ಮಗುವನ್ನು ಆಡಲು ಬಿಟ್ಟು ನೋಡದೆ, ತಾಯಿಯ ಮಾತಿನ ಮೇಲೇ ಅಂಕ ತುಂಬಿದರೆ ಒಪ್ಪಬೇಡಿ.

ರಿಪೋರ್ಟ್ ಕೈಗೆ ಬಂದಾಗ ಐಕ್ಯೂ ಅಂಕಿಯ ಕೆಳಗೆ ಕಣ್ಣು ಹಾಯಿಸಿ. ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಮಗು ಹೇಗೆ ನಡೆದುಕೊಂಡಿತು, ಉಪಪರೀಕ್ಷೆಗಳ ಅಂಕ ಎಷ್ಟು, ದಿನಾಂಕ, ಸಹಿ, ಸಿಆರ್‌ಆರ್ ಸಂಖ್ಯೆ ಇರಬೇಕು. ಮುಖ್ಯವಾಗಿ ನಾಳೆಯಿಂದ ಮನೆಯಲ್ಲಿ, ತರಗತಿಯಲ್ಲಿ ಏನು ಮಾಡಬೇಕು ಎಂದು ಬರೆದಿರಬೇಕು. ‘ಟ್ಯೂಷನ್ ಕೊಡಿಸಿ’ ಎಂಬ ಒಂದೇ ಸಾಲಿನ ಸಲಹೆ ಸಲಹೆಯಲ್ಲ. ಅರ್ಧ ಗಂಟೆ ಕೂರಿಸಿ ಕನ್ನಡದಲ್ಲಿ ವಿವರಿಸುವುದೂ ನೀವು ಕೊಟ್ಟ ಶುಲ್ಕದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಈ ರಿಪೋರ್ಟೇ ಅಂಗವಿಕಲತೆಯ ಪ್ರಮಾಣಪತ್ರವಲ್ಲ. ಅದಕ್ಕೆ ಅಂಗವಿಕಲರ ಗುರುತಿನ ಚೀಟಿಯ ಸರ್ಕಾರಿ ಜಾಲತಾಣವಾದ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಹೆಚ್ಚಿನ ಸವಲತ್ತುಗಳಿಗೆ ಅಂಗವಿಕಲತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಶಾಲೆಯ ಬೋರ್ಡ್ ಪರೀಕ್ಷೆಯಲ್ಲಿ ಸಿಗುವ ರಿಯಾಯಿತಿಗೆ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಸಿಬಿಎಸ್‌ಇಯಲ್ಲಾದರೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಓಡಾಡಿದರೆ ಆಗದ ಕೆಲಸ ಇದು, ಎಂಟನೇ ತರಗತಿಯಲ್ಲೇ ಕಾಗದಪತ್ರ ಶುರು ಮಾಡಿ.