ಬೇರೆಯವರ ಅಡಿಟಿಪ್ಪಣಿ ಎತ್ತಿಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ಪಿಎಚ್.ಡಿ. ಬರೆಯುತ್ತಿರುವವರು, ಅದರಲ್ಲೂ ಶಾಸನ ಹಿಡಿದುಕೊಂಡಿರುವವರು, ದಯವಿಟ್ಟು ಗಮನಿಸಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನನ್ನ ಮಾನ ಹೋದ ಕತೆ ಇದು.

ಹೊಯ್ಸಳರ ಕಾಲದ ದಾನಶಾಸನಗಳು ನನ್ನ ವಿಷಯ. ಬೇಲೂರು ತಾಲ್ಲೂಕಿನ ಶಾಸನವೊಂದರ ಬಗ್ಗೆ ಯಾರದೋ ಹಳೆಯ ಪ್ರಬಂಧದಲ್ಲಿ ನನಗೆ ಬೇಕಾದ ಮಾತೇ ಸಿಕ್ಕಿತು. ಅದರ ಕೆಳಗಿದ್ದ 'ಎ.ಕ. ಸಂ. 5, ಬೇಲೂರು' ಎಂಬುದನ್ನೂ ಮುಂದಿನ ಸಂಖ್ಯೆಯನ್ನೂ ಹಾಗೇ ನನ್ನ ಅಡಿಟಿಪ್ಪಣಿಗೆ ಇಳಿಸಿದೆ, ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.) ಎಂಬ ಶಾಸನ ಸಂಪುಟಗಳನ್ನು ನಾನೇ ತೆರೆದು ಓದಿದವಳ ಹಾಗೆ. ಆ ಪ್ರಬಂಧದ ಹೆಸರು ಎಲ್ಲೂ ಎತ್ತಲಿಲ್ಲ. ಕೃತಿಚೌರ್ಯದ ತಪಾಸಣೆಯಲ್ಲಿ ಶೇ 7 ಹೋಲಿಕೆ ಬಂದಿತ್ತು. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗೆ ದಂಡನೆ ಇಲ್ಲ. ನಿಶ್ಚಿಂತೆಯಾಗಿ ಸಲ್ಲಿಸಿದೆ.

ಪರೀಕ್ಷಕರು ಹಿರಿಯರು. ನನ್ನ ಪ್ರಬಂಧದ ತುಂಬ ಹಳದಿ ಚೀಟಿ. ಗ್ರಂಥಾಲಯದಿಂದ ಸಂಪುಟ 5 ತರಿಸಿ ಮುಂದಿಟ್ಟು, "ಬೇಲೂರು ಎಲ್ಲಿದೆ, ತೋರಿಸಮ್ಮಾ" ಅಂದರು. ತಿರುವಿದೆ. ಮೈಸೂರು, ತಿ. ನರಸೀಪುರ... ಬೇಲೂರೇ ಇಲ್ಲ. ಈ ಸಂಪುಟಗಳನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ 1902ರ ಸಂಪುಟ 5 ಹಾಸನ ಜಿಲ್ಲೆಯದು, ಬೇಲೂರು ಅದರಲ್ಲಿದೆ. ನನ್ನ ಮುಂದಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ, ಅದರಲ್ಲಿ ಬೇಲೂರು ಇರುವುದು ಸಂಪುಟ 9ರಲ್ಲಿ. ಯಾವ ಆವೃತ್ತಿ ಅಂತ ಹಳೆಯ ಪ್ರಬಂಧದವರು ಬರೆದಿರಲಿಲ್ಲ, ಹಾಗಾಗಿ ನಾನೂ ಬರೆದಿರಲಿಲ್ಲ.

ಆಮೇಲೆ ರೈಸ್ ಸಂಪುಟವೂ ಬಂತು. ನಾನು ಕೊಟ್ಟ ಸಂಖ್ಯೆಯಲ್ಲಿದ್ದದ್ದು ಬೇರೆಯೇ ಶಾಸನ! ಹಳೆಯ ಪ್ರಬಂಧದ ಟೈಪಿಂಗಿನಲ್ಲಿ ಎರಡು ಅಂಕಿ ಹಿಂದುಮುಂದಾಗಿದ್ದವು, ನಾನು ತಪ್ಪು ಸಮೇತ ಎತ್ತಿದ್ದೆ. "ಇದೇ ತಪ್ಪು ಇನ್ನೊಂದು ಕಡೆಯೂ ನೋಡಿದ್ದೆ" ಅಂದರು ಪರೀಕ್ಷಕರು, ಅಷ್ಟೇ. ನಮ್ಮ ಗೈಡ್ ಕಿಟಕಿಯ ಕಡೆ ತಿರುಗಿಬಿಟ್ಟರು.

ತಂತ್ರಾಂಶ ವಾಕ್ಯಗಳನ್ನು ಹೋಲಿಸುತ್ತದೆ. ನೀವು ಆ ಪುಸ್ತಕ ಮುಟ್ಟಿದ್ದೀರಾ ಇಲ್ಲವಾ ಅಂತ ಅದಕ್ಕೇನು ಗೊತ್ತು? ಆಕರ ಕೊಡುವುದು ಓದುವವರು ಆ ಪುಟಕ್ಕೆ ಹೋಗಿ ನಮ್ಮ ಮಾತನ್ನು ಪರೀಕ್ಷಿಸಲಿ ಅಂತ. ಮೂಲ ಸಿಗದಿದ್ದರೆ, ಯಾರ ಪ್ರಬಂಧದಿಂದ ತೆಗೆದುಕೊಂಡಿರೋ ಅವರ ಹೆಸರು ಹಾಕಿ 'ಇವರಲ್ಲಿ ಉಲ್ಲೇಖಿತ' ಅಂತ ಬರೆದರೆ ಮುಗಿಯಿತು. ನಾಚಿಕೆಯೇನಿಲ್ಲ ಅದರಲ್ಲಿ. (ಹಲ್ಮಿಡಿ ಶಾಸನಕ್ಕೆ ರೈಸ್ ಸಂಪುಟವನ್ನೇ ಆಕರವಾಗಿ ಕೊಟ್ಟಿದ್ದ ಗೆಳೆಯನೊಬ್ಬನಿದ್ದಾನೆ. ರೈಸ್ ತೀರಿಹೋದದ್ದು 1927ರಲ್ಲಿ, ಎಂ.ಎಚ್. ಕೃಷ್ಣ ಅವರು ಹಲ್ಮಿಡಿಯನ್ನು ಪ್ರಕಟಿಸಿದ್ದು ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿ. ಅವನಿಗಿಂತ ನಾನೇ ವಾಸಿ ಅಂತ ನಗುತ್ತಿದ್ದೆ.)

ತಿದ್ದಿ ತನ್ನಿ ಅಂತ ಪ್ರಬಂಧ ವಾಪಸ್ ಬಂತು. ನಾಲ್ಕು ತಿಂಗಳು ಗ್ರಂಥಾಲಯದಲ್ಲಿ ಕೂತು ಒಂದೊಂದೇ ಅಡಿಟಿಪ್ಪಣಿಗೆ ಪುಟ ತೆರೆದು ಪೆನ್ಸಿಲಿನಲ್ಲಿ ಟಿಕ್ ಹಾಕಿದೆ. ಮೂರಕ್ಕೆ ಮೂಲ ಎಲ್ಲೂ ಸಿಗಲಿಲ್ಲ. ಆ ಮೂರೂ ಪ್ಯಾರಾ ಕಿತ್ತುಹಾಕಿದೆ. ಅದರಲ್ಲೊಂದು ನನ್ನ ನಾಲ್ಕನೇ ಅಧ್ಯಾಯ ನಿಂತಿದ್ದ ಪ್ಯಾರಾ.