ಕಾರಿನ ಕಟಕಟ ಸದ್ದಿಗೆ ಒಂದು ಸುರುಳಿ ಟೇಪ್

ಟೆಸಾ 51608 ಅಂತ ಒಂದು ಟೇಪ್ ಬರುತ್ತದೆ. ಕಾರಿನೊಳಗಿನ ವೈರುಗಳನ್ನು ಕಟ್ಟಲು, ಅವು ಪ್ಲಾಸ್ಟಿಕ್‌ಗೆ ಬಡಿದು ಸದ್ದು ಮಾಡದ ಹಾಗೆ ನೋಡಿಕೊಳ್ಳಲು ಮಾಡಿದ್ದು. ಕಪ್ಪು ಬಣ್ಣ, ಮುಟ್ಟಿದರೆ ಮೆತ್ತಗೆ, ಕತ್ತರಿ ಬೇಡ, ಕೈಯಲ್ಲೇ ಹರಿಯುತ್ತದೆ. ಆರು ತಿಂಗಳಿಂದ ಬಳಸುತ್ತಿದ್ದೇನೆ, ಅಂಟು ಇನ್ನೂ ಬಿಟ್ಟಿಲ್ಲ. ಮೊದಲು ಮಾಮೂಲಿ ಇನ್ಸುಲೇಷನ್ ಟೇಪ್ ಸುತ್ತಿದ್ದೆ, ಬಿಸಿಲಿಗೆ ಕರಗಿ ಕೈಗೆಲ್ಲ ಅಂಟಂಟು, ಸದ್ದು ಮಾತ್ರ ಹಾಗೇ ಇತ್ತು.

ಆದರೆ ಟೇಪ್ ಸುತ್ತೋದು ಐದು ನಿಮಿಷದ ಕೆಲಸ, ಎಲ್ಲಿ ಸುತ್ತಬೇಕು ಅಂತ ಕಂಡುಹಿಡಿಯೋಕೆ ನನಗೆ ಮೂರು ವಾರ ಬೇಕಾಯಿತು. ಪಕ್ಕದ ಸೀಟಿನ ಮುಂದೆ ಟಿಕ್ ಟಿಕ್ ಅನ್ನುತ್ತಿತ್ತು, ಅದೂ ಕೆಟ್ಟ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮಾತ್ರ. ಗ್ಲೋವ್ ಬಾಕ್ಸ್, ಬಾಗಿಲಿನ ಜೇಬು, ಡಿಕ್ಕಿ ಎಲ್ಲ ಖಾಲಿ ಮಾಡಿದೆ. ಜಾಕನ್ನೂ ತೆಗೆದಿಟ್ಟೆ. ಖಾಲಿ ಸೀಟಿನ ಬೆಲ್ಟಿನ ಬಕಲ್ ಬಾಗಿಲ ಪಕ್ಕದ ಕಂಬಕ್ಕೆ ಬಡಿಯುತ್ತಿದ್ದದ್ದು ಸಿಕ್ಕಿತು, ಅದು ಬೇರೆಯದೇ ಸದ್ದು! ಕೊನೆಗೆ ಹೆಂಡತಿಗೆ ಸ್ಟೀರಿಂಗ್ ಕೊಟ್ಟು ನಾನು ಪಕ್ಕದಲ್ಲಿ ಕೂತೆ, ಡ್ಯಾಶ್‌ಬೋರ್ಡನ್ನು ಒಂದೊಂದು ಕಡೆ ಅಂಗೈಯಿಂದ ಒತ್ತುತ್ತಾ ಹೋದೆ, ಗ್ಲೋವ್ ಬಾಕ್ಸ್ ಮೇಲುಭಾಗ ಒತ್ತಿದಾಗ ಸದ್ದು ಗಪ್ ಅಂತ ನಿಂತಿತು. ಬಿಚ್ಚಿ ನೋಡಿದರೆ ವೈರಿನ ಕಟ್ಟೊಂದು ಕ್ಲಿಪ್ಪಿನಿಂದ ಕಳಚಿ ತೂಗಾಡುತ್ತಿತ್ತು. ಎರಡು ಸುತ್ತು ಟೇಪ್, ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದೆ. ಮುಗೀತು.

ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಉಜ್ಜಿ ಕಿರ್ ಅನ್ನುವಲ್ಲೂ ನಡುವೆ ಒಂದು ತುಂಡು ಅಂಟಿಸಿದರೆ ಸಾಕು. ಬಾಗಿಲಿನ ರಬ್ಬರ್ ಕಿರುಗುಟ್ಟಿದರೆ ಇದು ಬೇಡ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ನಿಂತಲ್ಲೇ ಇಂಜಿನ್ ಓಡುವಾಗ ಅಡಿಯಿಂದ ತಗಡು ಝಣಝಣ ಅಂದರೆ ಸೈಲೆನ್ಸರ್ ಪೈಪಿನ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು, ಸಡಿಲವಾಗಿರಬಹುದು. ಅಲ್ಲಿನ ಬಿಸಿಗೆ ಯಾವ ಟೇಪೂ ನಿಲ್ಲದು, ಸ್ಟೀಲ್ ಕ್ಲಾಂಪೇ ಬೇಕು. ಸಣ್ಣ ಗುಂಡಿಗೂ ಚಕ್ರದ ಹತ್ತಿರ ಟಕ್ ಟಕ್ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡೋ ರಬ್ಬರ್ ಬುಷ್ಷೋ ಸವೆದಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ, ಅದನ್ನು ಸುಮ್ನೆ ಕಿರಿಕಿರಿ ಅಂತ ಬಿಡಬೇಡಿ.

ಇನ್ನೊಂದು ಮಾತು. ಏರ್‌ಬ್ಯಾಗ್ ಅಂತ ಬರೆದಿರುವ ಕಂಬದ ಮುಚ್ಚಳ ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಹಳದಿ ವೈರಿದ್ದರೆ ಅದೂ ಸಾಮಾನ್ಯವಾಗಿ ಏರ್‌ಬ್ಯಾಗಿನದೇ.

ಟೇಪಿನ ಬಗ್ಗೆ ತಕರಾರು ಅಂದರೆ ಒಂದೇ, ಧೂಳು ಜಾಸ್ತಿ ಹಿಡಿಯುತ್ತದೆ, ಕಣ್ಣಿಗೆ ಕಾಣುವ ಕಡೆ ಅಂಟಿಸಿದರೆ ಚೆಂದ ಕಾಣಲ್ಲ. ಸುರುಳಿ ಇನ್ನೂ ಮುಕ್ಕಾಲು ಉಳಿದಿದೆ. ಟಿಕ್ ಟಿಕ್ ಹೋದ ಮೇಲೆ ಹಿಂದಿನ ಸೀಟಿನಿಂದ ಅದಕ್ಕಿಂತ ಸಣ್ಣ ಸದ್ದೊಂದು ಕೇಳಿಸತೊಡಗಿದೆ. ಹೆಂಡತಿ ತನಗೇನೂ ಕೇಳಿಸಲ್ಲ ಅನ್ನುತ್ತಾಳೆ, ಭಾನುವಾರ ಮತ್ತೆ ಸ್ಟೀರಿಂಗ್ ಹಿಡಿಯೋಕೆ ಒಪ್ಪುತ್ತಿಲ್ಲ.